ಪೈಯಸ್ ಅವರ ಆಫ್ರಿಕದ ಹಲಸು

ನಮ್ಮ ಮನೆಯ ಹೊಸ್ತಿಲನ್ನು ಮಾಡಿಕೊಟ್ಟವರು ಪೈಯಸ್ ಮಥಾಯಸ್. ಉಡುಪಿ ಕಡೆಯ ಶಿರ್ವದವರು, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೊಲಿಕರು, ಲಂಡನ್ನಿನ ಸೌತ್‌ಹಾಲ್‌ನ ಹಿಂಬೀದಿಯೊಂದರಲ್ಲಿ ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಬಡಗಿ. ಎತ್ತರದ ಆಳು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅವರ ವಿಷಯ ಬರೆಯಲು ಹೊರಟರೆ ನನ್ನ ಅತ್ತೆಯ ವಿಷಯವನ್ನೂ ಬರೆಯಬೇಕಾಗುತ್ತದೆ. ಅತ್ತೆ ಎಲ್ಲಿಗಾದರೂ ಕರೆಯದೆಯೇ ಬಂದು ಕೂರುವವರು, ಇಲ್ಲಿಗೂ ಬರುತ್ತಾರೆ.

ತೊಂಬತ್ತನಾಲ್ಕರಲ್ಲಿ ನಾವು ಕ್ವೀನ್ಸ್‌ಬರಿಯಲ್ಲಿ ಮನೆ ಕೊಂಡೆವು. ನನ್ನ ಗಂಡ ನರಸಿಂಹಮೂರ್ತಿಗೆ ಅಕ್ಸ್‌ಬ್ರಿಡ್ಜ್‌ನಲ್ಲಿ ಕಂಪ್ಯೂಟರ್ ಕೆಲಸ. ಮಾವ ತೀರಿಕೊಂಡ ಮೇಲೆ ಅತ್ತೆ ಕಾಮಾಕ್ಷಮ್ಮ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದರು. ಬಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಅರಿಶಿನದ ಬಟ್ಟಲು ಹಿಡಿದು ಮುಂಬಾಗಿಲು ತೆಗೆದವರು ಅಲ್ಲೇ ನಿಂತುಬಿಟ್ಟರು. ಹೊಸ್ತಿಲು ಇರಬೇಕಾದ ಜಾಗದಲ್ಲಿ ಒಂದು ಅಲ್ಯುಮಿನಿಯಂ ಪಟ್ಟಿ, ಅದಕ್ಕೊಂದು ರಬ್ಬರಿನ ಅಂಚು. ಅತ್ತೆ ಸೋಲುವವರಲ್ಲ, ಅದಕ್ಕೇ ಅರಿಶಿನ ಹಚ್ಚಿ ಕುಂಕುಮ ಇಟ್ಟರು. ಹತ್ತು ಗಂಟೆಗೆ ಬಂದ ಅಂಚೆಯವನು ಪಾಪ, ಅದರ ಮೇಲೇ ಬೂಟುಗಾಲಿಟ್ಟು ಪಾರ್ಸೆಲ್ ಚಾಚಿದ. ಇದು ಮನೆಯಲ್ಲ, ರೈಲ್ವೆ ಪ್ಲಾಟ್‌ಫಾರಂ ಎಂದು ಅತ್ತೆ ತೀರ್ಪು ಕೊಟ್ಟರು. ಆ ವಾರವೆಲ್ಲ ಮನೆಯಲ್ಲಿ ಬೇರೆ ಮಾತೇ ಇಲ್ಲ.

ನಮ್ಮ ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ಸುಜಾನ್ ಎಂಬ ನರ್ಸ್ ಇದ್ದಳು. ಹೆಸರು ನೋಡಿ ಇಂಗ್ಲಿಷಿನವಳೆಂದುಕೊಂಡಿದ್ದೆ. ರಕ್ತ ತೆಗೆಯುವಾಗ ನಾನು ‘ಅಯ್ಯೋ’ ಎಂದದ್ದೇ ತಡ, ನಕ್ಕು ಕನ್ನಡಕ್ಕೆ ತಿರುಗಿದಳು. ಅವಳಲ್ಲಿ ನನ್ನ ಹೊಸ್ತಿಲಿನ ಗೋಳು ತೋಡಿಕೊಂಡೆ. ಅವಳ ಗಂಡ ಕಾರ್ಖಾನೆಯಲ್ಲಿ ದಿನವೂ ಮಾಡುವುದು ಅದನ್ನೇ ಎಂದಳು. ಇಲ್ಲಿನ ಬಾಗಿಲುಗಳಿಗೂ ಕೆಳಗೊಂದು ಮರದ ಪಟ್ಟಿ ಬೇಕು, ಮಳೆ ನೀರು ಒಳಗೆ ಬರದಂತೆ. ಅದಕ್ಕೆ ಅರಿಶಿನ ಹಚ್ಚುವವರು ಇಲ್ಲ ಅಷ್ಟೆ.

ಶನಿವಾರ ಪೈಯಸ್ ಬಂದರು. ಬಾಗಿಲ ಮುಂದೆ ಮಂಡಿಯೂರಿ ಅಳತೆ ತೆಗೆದು, ಎಷ್ಟು ಎತ್ತರ ಬೇಕೆಂದು ಅತ್ತೆಯನ್ನೇ ಕೇಳಿದರು. ನನ್ನನ್ನಾಗಲಿ, ಮನೆ ಸಾಲ ಕಟ್ಟುವ ನನ್ನ ಗಂಡನನ್ನಾಗಲಿ ಕೇಳಲಿಲ್ಲ. ಅಲ್ಲಿಗೆ ಅತ್ತೆಗೆ ಅವರು ಹಿಡಿಸಿಬಿಟ್ಟರು.

“ದಾಟೋಷ್ಟು ಇರ್ಬೇಕಪ್ಪ. ತುಳಿಯೋಕೆ ಮನಸ್ಸು ಬರಬಾರದು,” ಎಂದರು ಅತ್ತೆ.

ಮುಂದಿನ ವಾರ ಅವರು ತಂದ ಹಲಗೆ ಹಳದಿ, ಆಗ ತಾನೇ ಹೆರೆದದ್ದು. ಅತ್ತೆ ಮುಟ್ಟಿ ನೋಡಿ, ಹಲಸು ಎಂದರು. ಪೈಯಸ್ ಅವರ ಮುಖದಲ್ಲಿ ನಾನು ಮೊದಲ ಸಲ ನಗು ಕಂಡದ್ದು ಆಗ. ತಾನೂ ಹಾಗೇ ಮೋಸ ಹೋಗಿದ್ದೆ ಎಂದರು. ಮಂಗಳೂರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಕಸುಬಿನ ಶಾಲೆಯಲ್ಲಿ ಅವರು ಕೆಲಸ ಕಲಿತದ್ದು. ಆಮೇಲೆ ಮಾವನೊಬ್ಬನ ಅಂಗಡಿಯಲ್ಲಿ ಹಲಸಿನ ಮರದಲ್ಲಿ ಬಾಗಿಲು, ಕಪಾಟು, ಇಗರ್ಜಿಯ ಪೀಠ ಮಾಡುತ್ತ ಬೆಳೆದರು. ಸುಜಾನ್‌ಗೆ ಇಲ್ಲಿ ಕೆಲಸ ಸಿಕ್ಕಿತೆಂದು ಅವಳ ಹಿಂದೆ ಲಂಡನ್ನಿಗೆ ಬಂದು, ಈ ಕಾರ್ಖಾನೆಯಲ್ಲಿ ಮೊದಲ ಹಲಗೆಯ ಮೇಲೆ ಉಜ್ಜುಗೊರಡು ಆಡಿಸಿದಾಗ ಒಳಗಿನಿಂದ ಹಳದಿ ಎದ್ದು ಬಂತಂತೆ. ಹೆರೆದ ಸುರುಳಿಯನ್ನು ಮೂಗಿಗೆ ಹಿಡಿದು ನಿಂತದ್ದನ್ನು ನೋಡಿ ಮೇಸ್ತ್ರಿ ನಕ್ಕನಂತೆ. ಅದು ಹಲಸಲ್ಲ, ಆಫ್ರಿಕದ ಕಾಡಿನಿಂದ ಬರುವ ಇರೋಕೊ.

“ಆದ್ರೆ ಹಲಸಿನ ಕುಟುಂಬದ್ದೇ ಅಮ್ಮ. ಪುಸ್ತಕದಲ್ಲಿ ಉಂಟು, ನಾನು ಲೈಬ್ರರಿಯಲ್ಲಿ ನೋಡಿದ್ದೇನೆ. ನಮ್ಮ ಹಲಸಿಗೆ ದಾಯಾದಿ ಅಂತ ಇಟ್ಕೊಳ್ಳಿ.”

ದಾಯಾದಿ ಅಂದ ಮೇಲೆ ತಂಟೆ ತಪ್ಪಿದ್ದಲ್ಲ ಎಂದು ಅತ್ತೆ ನಕ್ಕರು. ಆಗ ನಾವೆಲ್ಲ ನಕ್ಕೆವು.

ಆ ಮರದ ವಿಷಯ ಬಂದರೆ ಮಾತ್ರ ಪೈಯಸ್ ಅವರ ಬಾಯಿ ಬಿಚ್ಚುತ್ತಿತ್ತು. ಅದರಲ್ಲಿ ಎಣ್ಣೆಯ ಅಂಶವಿದೆ, ಅದಕ್ಕೇ ಮಳೆಗೆ ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಮಣ್ಣಿನಲ್ಲಿ ಹೂತರೂ ಬೇಗ ಹಾಳಾಗುವುದಿಲ್ಲ. ಇಲ್ಲಿನ ಶಾಲೆಗಳ ಲ್ಯಾಬಿನ ಮೇಜು, ಪಾರ್ಕಿನ ಬೆಂಚು, ದೋಣಿ ಎಲ್ಲ ಅದರದ್ದೇ. ಬಲಿತ ಮರದೊಳಗೆ ಕೆಲವು ಸಲ ಸುಣ್ಣ ಗಟ್ಟಿಯಾಗಿ ಕಲ್ಲೇ ಆಗಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಗರಗಸ ಹೋಗಿ ತಾಗಿದಾಗ ಕಿಡಿ ಹಾರಿ ಹಲ್ಲು ಮುರಿಯುತ್ತದೆ. ಕಾರ್ಖಾನೆಗೆ ಮರ ತರುತ್ತಿದ್ದ ಘಾನಾದ ಲಾರಿ ಡ್ರೈವರ್, ತನ್ನ ಊರಿನಲ್ಲಿ ಆ ಮರದಲ್ಲಿ ಒಂದು ಶಕ್ತಿ ವಾಸವಾಗಿರುತ್ತದೆಂದು ನಂಬುತ್ತಾರೆ, ಪೂಜೆ ಸಲ್ಲಿಸದೆ ಕಡಿಯುವುದಿಲ್ಲ ಎಂದಿದ್ದನಂತೆ. ಇದನ್ನು ಕೇಳಿದ ಮೇಲೆ ಅತ್ತೆಗೆ ತೇಗವೂ ಬೇಡ, ಹೊನ್ನೆಯೂ ಬೇಡ. ಪೂಜೆ ಕಂಡ ಮರವೇ ಸರಿ ಎಂದರು.

ಹೊಸ್ತಿಲು ಕೂರಿಸುವ ದಿನ ಕೆಳಗೆ ನವಧಾನ್ಯ, ಒಂದು ಬೆಳ್ಳಿ ಚೂರು, ಒಂದು ಹವಳ ಇಡಬೇಕಿತ್ತು. ಇಡುವವರು ಬಡಗಿಯೇ ಆಗಬೇಕೆಂದು ಅತ್ತೆಯ ಹಟ. ಪೈಯಸ್ ಶ್ರದ್ಧೆಯಿಂದ ಇಟ್ಟರು, ಆಮೇಲೆ ಮೆಲ್ಲಗೆ ಶಿಲುಬೆಯ ಗುರುತನ್ನೂ ಮಾಡಿಕೊಂಡರು. ಅತ್ತೆಯೂ ಅದನ್ನು ನೋಡಿದರು. ಎರಡೆರಡು ಕಾವಲಾಯಿತು ಎಂದು ನನ್ನ ಗಂಡ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದರು.

ನಾಲ್ಕಾರು ತಿಂಗಳಲ್ಲಿ ತಂಟೆ ಶುರುವಾಯಿತು. ಹೊಸ್ತಿಲಿನ ಹಳದಿ ಮಾಯವಾಗಿ ಕಂದು ಬಣ್ಣ ಬಂತು. ಅತ್ತೆ ಹುಣಸೆಹಣ್ಣು ಹಾಕಿ ಉಜ್ಜಿದರು, ಅರಿಶಿನ ಅರೆದು ಮೆತ್ತಿದರು, ಏನೂ ಆಗಲಿಲ್ಲ. ಬಣ್ಣ ಬಳಿದು ಕೊಟ್ಟಿದ್ದಾನೆ ಎಂದು ದೀಪಾವಳಿಯ ಕೂಟದಲ್ಲಿ ಅರ್ಧ ಲಂಡನ್ನಿನ ಕನ್ನಡಿಗರ ಎದುರು ಹೇಳಿದರು. ನನಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಸುದ್ದಿ ಮುಟ್ಟಿದ ಮರುದಿನವೇ ಪೈಯಸ್ ಬಂದರು. ವಾದಕ್ಕೆ ಇಳಿಯಲಿಲ್ಲ. ಹೊಸ್ತಿಲಿನ ಒಂದು ಮೂಲೆಗೆ ತಾಗಿಕೊಂಡಿದ್ದ ತುಳಸಿಯ ಕುಂಡವನ್ನು ಎತ್ತಿ ಪಕ್ಕಕ್ಕಿಟ್ಟರು. ಕುಂಡದ ಅಂಚು ಕೂತಿದ್ದ ಜಾಗದಲ್ಲಿ ಮರ ಮೊದಲ ದಿನದ ಹಾಗೆ ಹಳದಿಯಾಗಿತ್ತು. ಬೆಳಕು ಬಿದ್ದಲ್ಲಿ ಕಂದಾಗುತ್ತದೆ, ಬೀಳದಲ್ಲಿ ಇಲ್ಲ, ಅದು ಆ ಮರದ ಗುಣ ಎಂದರು. ಅತ್ತೆ ತುಂಬ ಹೊತ್ತು ಆ ಹಳದಿಯನ್ನು ನೋಡಿ, ಒಳಗೆ ಹೋಗಿ ಅವರಿಗೆ ಕಾಫಿ ತಂದುಕೊಟ್ಟರು. ಕ್ಷಮೆ ಕೇಳುವುದು ನಮ್ಮತ್ತೆಗೆ ಬರುವುದೇ ಹಾಗೆ.

ಆಮೇಲೆ ಅತ್ತೆಯೇ ಅವರಿಗೆ ದೊಡ್ಡ ಜಾಹೀರಾತಾದರು. ಹ್ಯಾರೋ, ಹೌನ್ಸ್‌ಲೊ, ಈಲಿಂಗ್, ಎಲ್ಲಿ ಕನ್ನಡದವರು ಮನೆ ಕೊಂಡರೂ ಪೈಯಸ್ ಅವರ ಹೊಸ್ತಿಲು ಬೇಕಾಯಿತು. ತೆಲುಗಿನವರು, ತಮಿಳರೂ ಹುಡುಕಿಕೊಂಡು ಬಂದರು. ಹಗಲು ಕಾರ್ಖಾನೆ, ಸಂಜೆ ಮನೆಯ ಹಿತ್ತಿಲಿನ ಶೆಡ್ಡು. ಶೆಡ್ಡಿನಲ್ಲಿ ಒಂದು ಕೆಲಸದ ಬೆಂಚಿತ್ತು. ಯಾರೋ ಬೇಡವೆಂದ ದೊಡ್ಡ ಬಾಗಿಲೊಂದರ ಎರಡು ದಪ್ಪ ಇರೋಕೊ ಹಲಗೆಗಳನ್ನು ಅಕ್ಕಪಕ್ಕ ಬೋಲ್ಟು ಹಾಕಿ ಕಟ್ಟಿದ್ದು, ಒಂದು ತುದಿಗೆ ಮರವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಕಬ್ಬಿಣದ ವೈಸ್. ನಾನು ಒಮ್ಮೆ ಹೋದಾಗ ಸುಜಾನ್, ತನ್ನ ಸವತಿ ಅಲ್ಲಿದ್ದಾಳೆಂದು ಬೆಂಚನ್ನು ತೋರಿಸಿದ್ದಳು. ಪೈಯಸ್ ತಮ್ಮ ಕೆಲಸದಲ್ಲಿ ಸುಖವಾಗಿದ್ದರು. ಹೊರದೇಶದಲ್ಲಿ ತನ್ನ ಕೈಗೆ ಹೊಂದುವ ಕೆಲಸ ಸಿಕ್ಕವರ ಮುಖವೇ ಬೇರೆ. ನನ್ನ ಗಂಡನಿಗೆ ಆ ಮುಖ ಎಂದೂ ಬರಲಿಲ್ಲ, ನನಗೂ ಇಲ್ಲ. ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು.

ಎರಡು ಸಾವಿರದ ಹೊತ್ತಿಗೆ ಅವರ ಮುಂಗೈಯಲ್ಲಿ ಕೆಂಪು ಗುಳ್ಳೆಗಳೆದ್ದವು. ಕಣ್ಣಲ್ಲಿ ನೀರು, ಆಮೇಲೆ ಕೆಮ್ಮು, ಉಸಿರಾಡಿದರೆ ಸಿಳ್ಳೆ. ಚಳಿ ಎಂದರು, ತೇವ ಎಂದರು. ಸುಜಾನ್ ನರ್ಸು. ರಜೆಯಲ್ಲಿ ಶಿರ್ವಕ್ಕೆ ಹೋದಾಗ ಕೆಮ್ಮೇ ಇರಲಿಲ್ಲ, ಬಂದು ಕಾರ್ಖಾನೆಗೆ ಹೋದ ವಾರದಲ್ಲೇ ಮತ್ತೆ ಬಂತು ಎಂಬುದನ್ನು ಅವಳು ಗಮನಿಸಿದ್ದಳು. ಆ ಮರದ ಪುಡಿ ಕೆಲವರಿಗೆ ಆಗುವುದಿಲ್ಲ, ಮಾಸ್ಕ್ ಹಾಕಿಕೊಳ್ಳಿ ಎಂದು ಮೊದಲ ವರ್ಷದಿಂದ ಕಾರ್ಖಾನೆಯವರು ಹೇಳುತ್ತಿದ್ದರು. ಮಾಸ್ಕ್ ಕೊಟ್ಟೂ ಇದ್ದರು. ಪೈಯಸ್ ಅದನ್ನು ಮೊಳೆಗೆ ನೇತು ಹಾಕುತ್ತಿದ್ದರು. ಅವರ ಲೆಕ್ಕ ಸರಳ. ಹಲಸಿನ ಪುಡಿಯಲ್ಲೇ ಹುಟ್ಟಿ ಬೆಳೆದವ ನಾನು, ಮಾವನ ಅಂಗಡಿಯಲ್ಲಿ ಅದರ ಮೇಲೇ ಮಲಗಿದ್ದೇನೆ, ಅದರ ದಾಯಾದಿ ನನಗೆ ಏನು ಮಾಡೀತು? ಕುಟುಂಬದ್ದೆಂದು ನಂಬಿ ಕೆಟ್ಟವರು ಮನುಷ್ಯರಲ್ಲಿ ಬೇಕಾದಷ್ಟಿದ್ದಾರೆ. ಮರವನ್ನು ನಂಬಿ ಕೆಟ್ಟವರು ನಾನು ಕಂಡಂತೆ ಇವರೊಬ್ಬರೇ.

ಎದೆಯ ಕ್ಲಿನಿಕ್ಕಿನಲ್ಲಿ ಪರೀಕ್ಷೆಯಾಯಿತು. ಡಾಕ್ಟರು ನೇರವಾಗಿ ಹೇಳಿದರು. ಈಗ ಆ ಮರ ಬಿಟ್ಟರೆ ಶ್ವಾಸಕೋಶ ಬಹುಪಾಲು ಸುಧಾರಿಸುತ್ತದೆ, ಬಿಡದಿದ್ದರೆ ಉಬ್ಬಸ ಜನ್ಮಕ್ಕೆ ಅಂಟುತ್ತದೆ, ಒಂದು ದಿನ ಜೀವಕ್ಕೂ ಬರಬಹುದು. ಒಮ್ಮೆ ಮೈಗೆ ವಿರೋಧ ಹುಟ್ಟಿದ ಮೇಲೆ ಮಾಸ್ಕನ್ನು ನಂಬಿ ಕೂರುವಂತಿಲ್ಲ. ಪೈಯಸ್ ತಲೆಯಾಡಿಸಿದರು. ಕಾರ್ಖಾನೆಯಲ್ಲಿ ಗಾಜು ಕೂರಿಸುವ ಕಡೆಗೆ ಹಾಕಿಸಿಕೊಂಡರು. ಸುಜಾನ್ ಮೇಣದ ಬತ್ತಿ ಹಚ್ಚಿದಳು. ಆದರೆ ಕೆಮ್ಮು ನಿಲ್ಲಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಅವಳಿಗೆ ಅವರ ಕಿವಿಯ ಮಡಿಕೆಯಲ್ಲಿ ಹಳದಿ ಪುಡಿ ಕಂಡಿತು. ಶೆಡ್ಡಿನ ಬಾಗಿಲು ಹಾಕಿಕೊಂಡು ಹೊಸ್ತಿಲು ಮಾಡುತ್ತಲೇ ಇದ್ದರು. ಮಾತು ಕೊಟ್ಟವರಿಗೆ ಮಾಡಿಕೊಡಬೇಡವೇ ಎಂದರು. ಹೊಸದಾಗಿ ಮಾತು ಕೊಡುವುದನ್ನೂ ನಿಲ್ಲಿಸಿರಲಿಲ್ಲ.

ಎರಡು ಸಾವಿರದ ಎರಡರ ಚಳಿಗಾಲದಲ್ಲಿ ಶೆಡ್ಡಿನಿಂದ ಅವರನ್ನು ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಮುಖಕ್ಕೆ ಆಕ್ಸಿಜನ್, ತುಟಿ ನೀಲಿ. ಉಳಿದರು. ಆಮೇಲೆ ಸ್ವಲ್ಪ ಕಾಲ ಬಿಡುವು ಎಂದರೇ ಹೊರತು ಬಿಟ್ಟೆ ಎನ್ನಲಿಲ್ಲ. ಸುಜಾನ್ ಸರ್ಜರಿಯಲ್ಲಿ ನನ್ನ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತುತ್ತ, ದನಿ ಏರಿಸದೆ ಹೇಳಿದಳು:

“ಆ ಬೆಂಚ್ ಇರುವಷ್ಟು ದಿನ ಅವರು ಅದರ ಹತ್ರ ಹೋಗ್ತಾರೆ ಕಲ್ಯಾಣಿ. ಇನ್ನೊಮ್ಮೆ ಹಾಗೆ ಆದ್ರೆ ಅವರು ನನಗೆ ಸಿಗುದಿಲ್ಲ.”

ಮರುವರ್ಷ ಬೇಸಿಗೆ ಶುರುವಾಗುವಾಗ ನಮ್ಮತ್ತೆಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ಎಡಗಡೆ ಉಳಿಯಲಿಲ್ಲ. ಗಾಲಿಕುರ್ಚಿ ಬಂತು. ಆಗ ಹೊಸ್ತಿಲು ಎದುರು ನಿಂತಿತು. ದಾಟುವಷ್ಟು ಎತ್ತರ ಕೇಳಿ ಮಾಡಿಸಿದ್ದಲ್ಲವೇ? ಮೊದಮೊದಲು ನನ್ನ ಗಂಡ ಮತ್ತು ಪಕ್ಕದ ಮನೆಯವರು ಕುರ್ಚಿ ಸಮೇತ ಎತ್ತಿ ದಾಟಿಸಿದರು. ಒಂದು ವಾರದಲ್ಲಿ ಗಂಡನ ಸೊಂಟ ಹಿಡಿಯಿತು. ಗಾಲಿಯನ್ನು ಹೊಸ್ತಿಲಿನ ಮೇಲೆ ಹತ್ತಿಸಿ ಇಳಿಸಬಹುದಿತ್ತು, ಆದರೆ ಅತ್ತೆ ಒಪ್ಪಲಿಲ್ಲ. ಗಾಲಿ ಎಂದರೆ ಈಗ ಅವರ ಕಾಲು, ಕಾಲು ಹೊಸ್ತಿಲಿಗೆ ತಾಗಬಾರದು. ಹೊರಗೆ ಹೋಗುವುದೇ ಬೇಡ ಎಂದುಬಿಟ್ಟರು. ಅಂಗಳದ ಬಿಸಿಲಲ್ಲಿ ಕೂತು ದಾರಿಹೋಕರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ ಹೆಂಗಸು ಹಜಾರದಲ್ಲಿ ಗೋಡೆ ನೋಡುತ್ತ ಕೂತರು. ನನ್ನ ಮಗಳು ಸಿರಿಶಾ, ಇಟ್ಸ್ ಜಸ್ಟ್ ಎ ಡೋರ್ ಸಿಲ್ ಅಜ್ಜಿ, ಎಂದು ಎಷ್ಟು ಸಲ ಹೇಳಿದರೂ ಅಷ್ಟೆ. ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಇಲ್ಲಿನ ಪುರಸಭೆಯಾದ ಕೌನ್ಸಿಲ್ಲಿನಿಂದ ಒಬ್ಬಾಕೆ ಬಂದಳು, ಒಳ್ಳೆಯ ಹುಡುಗಿ. ಹೊಸ್ತಿಲನ್ನು ಕಿತ್ತು ನೆಲ ಸಮ ಮಾಡಿಕೊಡುತ್ತೇವೆ ಎಂದಳು. ನಾನು ಅನುವಾದ ಮಾಡುವ ಮೊದಲೇ ಅತ್ತೆಗೆ ಅರ್ಥವಾಯಿತು.

“ನನ್ನ ಹೆಣ ದಾಟಿದ ಮೇಲೆ ತೆಗೀಲಿ,” ಎಂದರು.

ಹಾಗಾದರೆ ಲೋಹದ ಇಳಿಜಾರು ಕೊಡುತ್ತೇವೆಂದಳು. ಅದು ಹೊಸ್ತಿಲಿನ ಮೇಲೇ ಕೂರುವಂಥದ್ದು. ಅತ್ತೆ ಮುಖ ತಿರುಗಿಸಿದರು.

ನನ್ನ ಗಂಡ ನನಗೆ ಹೇಳದೆ ಪೈಯಸ್ ಅವರಿಗೆ ಫೋನ್ ಮಾಡಿದರು. ಗೊತ್ತಾದಾಗ ನಾನು ಜಗಳವಾಡಿದೆ. ಸಾಯುವಂತಿದ್ದವರನ್ನು ಮತ್ತೆ ಅದೇ ಮರಕ್ಕೆ ಕರೆಯುತ್ತೀರಾ ಎಂದೆ. ಅಷ್ಟರಲ್ಲಿ ಅವರು ಬಂದೂ ಆಗಿತ್ತು, ಹಿಂದೆಯೇ ಸುಜಾನ್. ಪೈಯಸ್ ತೆಳ್ಳಗಾಗಿದ್ದರು. ಅಂಗಳದಿಂದ ಬಾಗಿಲಿನ ತನಕ ನಡೆದು ಬರುವಷ್ಟರಲ್ಲಿ ಒಮ್ಮೆ ನಿಂತರು. ಮಂಡಿಯೂರಿ ಅಳತೆ ತೆಗೆದು ಹೇಳಿದರು: ಹೊಸ್ತಿಲಿಗೆ ತಾಗದಂತೆ ಅದರ ಮೇಲಿನಿಂದ ಸೇತುವೆಯ ಹಾಗೆ ಎರಡು ಹಲಗೆ ಹಾಯಿಸಬೇಕು, ಒಂದೊಂದು ಬದಿಯ ಗಾಲಿಗೆ ಒಂದೊಂದು. ಒಳಗಿನ ಭಾಗಕ್ಕೆ ಪೈನ್ ಸಾಕು, ಪೈನ್ ಪುಡಿಯಿಂದ ಅವರಿಗೆ ತೊಂದರೆಯಿಲ್ಲ. ಹೊರಗೆ ಪೈನ್ ಹಾಕಿದರೆ ಈ ಮಳೆಗೆ ಬೇಗ ಕೊಳೆತು, ಒಂದು ದಿನ ಅತ್ತೆಯ ಭಾರಕ್ಕೆ ಮುರಿಯುತ್ತದೆ. ಹೊರಗೆ ಇರೋಕೊ ಆಗಬೇಕು, ಅದೂ ದಪ್ಪದ್ದು.

ಬೇರೆ ಬಡಗಿಯಿಂದ ಮಾಡಿಸುತ್ತೇವೆ ಎಂದೆ. ಪೈಯಸ್ ನನ್ನ ಕಡೆ ನೋಡಿದ ನೋಟಕ್ಕೆ ನಾನು ಸುಮ್ಮನಾದೆ. ಸುಜಾನ್ ಸುಮ್ಮನಾಗಲಿಲ್ಲ. ಗರಗಸ ಮುಟ್ಟುವುದಾದರೆ ಮೊದಲು ತನ್ನನ್ನು ಊರಿಗೆ ಕಳಿಸಿ ಎಂದು ಎಲ್ಲರೆದುರು ಹೇಳಿದಳು. ಪೈಯಸ್ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೊರಟರು.

ಶುಕ್ರವಾರ ಸುಜಾನ್ ಸರ್ಜರಿಯಿಂದ ನನಗೆ ಫೋನ್ ಮಾಡಿದಳು. ಬೆಳಿಗ್ಗೆ ಅವಳು ಹೊರಡುವಾಗ ಪೈಯಸ್ ಶೆಡ್ಡಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಮನೆಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಪಕ್ಕದ ಮನೆಯವಳು ಬೇಲಿಯಿಂದ ಕೂಗಿ, ಜೀವವಿದೆ ಎಂಬಷ್ಟನ್ನು ಖಾತ್ರಿ ಮಾಡಿಕೊಂಡು ಹೇಳಿದ್ದಳಂತೆ. ಆ ದಿನ ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ನಿಮ್ಮ ಒಂದು ಹಟಕ್ಕೆ ಆ ಮನುಷ್ಯ ಸಾಯಬೇಕೇ ಎಂಬುದು ಬಾಯಿ ತುದಿಯವರೆಗೆ ಬಂದಿತ್ತು.

ಶನಿವಾರ ಪೈಯಸ್ ಒಬ್ಬರೇ ಗೆಳೆಯನ ವ್ಯಾನಿನಲ್ಲಿ ಬಂದರು. ನನ್ನ ಗಂಡ ಹೋಗಿ ಎರಡು ಹಲಗೆಗಳನ್ನು ಇಳಿಸಿದರು. ಹೊಸದಾಗಿ ಕೊಯ್ದ ಹಳದಿ ಕಾಣುತ್ತದೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅವು ಗಾಢ ಕಂದು, ಮೈತುಂಬ ಉಳಿ ತಾಗಿದ ಗಾಯ, ಅಂಟಿನ ಕಲೆ, ಬೋಲ್ಟಿನ ಹಳೆಯ ತೂತು. ಅವರು ಒಂದು ಗೀಟಿನಷ್ಟೂ ಕೊಯ್ಯಲಿಲ್ಲ. ಹಲಗೆಯ ತುದಿಯನ್ನು ಇಳಿಜಾರಾಗಿ ಹೆರೆಯುವ ಬದಲು ಅಂಗಳದ ಮಣ್ಣನ್ನೇ ಅಗೆಸಿ ತುದಿಯನ್ನು ಅದರೊಳಗೆ ಕೂರಿಸಿದರು. ಹಳೆಯ ತೂತುಗಳಿಗೇ ಬೋಲ್ಟು ಬಿಗಿದರು. ಒಳಗಡೆಗೆ ಪೈನಿನ ಇಳಿಜಾರನ್ನು ಮೊದಲೇ ಮಾಡಿ ತಂದಿದ್ದರು. ಹೊಸ್ತಿಲಿಗೂ ಹಲಗೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು.

ಸುಜಾನ್ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಬಸ್ಸು ಹಿಡಿದು ನೇರ ನಮ್ಮ ಮನೆಗೆ ಬಂದಳು. ಜಗಳಕ್ಕೇ ಬಂದದ್ದು, ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಗೇಟಿನೊಳಗೆ ಬಂದು ಹಲಗೆಗಳನ್ನು ನೋಡಿದವಳು ಅಲ್ಲೇ ನಿಂತಳು.

ಅತ್ತೆ ಒಳಗೆ ಕುರ್ಚಿಯಲ್ಲಿ ಕಾಯುತ್ತಿದ್ದರು. ಅಷ್ಟು ಸುಲಭಕ್ಕೆ ನಂಬುವವರೇ ಅವರು? ನನ್ನ ಕೈಯಲ್ಲಿ ಹೊಸ್ತಿಲಿನ ಮೇಲೆ, ಹಲಗೆಗಳ ಅಡಿಗೆ ಬರುವ ಜಾಗದಲ್ಲೇ, ಕುಂಕುಮವನ್ನು ಗುಪ್ಪೆಯಾಗಿ ಇಡಿಸಿದರು. ಆಮೇಲೆ ಕುರ್ಚಿ ತಳ್ಳಲು ಹೇಳಿದರು. ನನ್ನ ಗಂಡ ತಳ್ಳಿದರು. ಗಾಲಿಗಳು ಪೈನ್ ಹತ್ತಿ, ಕಂದು ಹಲಗೆಯ ಮೇಲೆ ಹಾದು, ಬಿಸಿಲಿಗೆ ಇಳಿದವು. ಅತ್ತೆ ಹಿಂತಿರುಗಿಯೂ ನೋಡದೆ ಕುಂಕುಮ ನೋಡೇ ಎಂದರು. ನಾನು ನೆಲಕ್ಕೆ ಕೆನ್ನೆ ತಾಗಿಸಿ ನೋಡಿದೆ. ಗುಪ್ಪೆಗಳು ಇಟ್ಟ ಹಾಗೇ ಇದ್ದವು.

ಹಾಗೆಂದು ಹೇಳಿದಾಗ ಅತ್ತೆ ಬಲಗೈಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಕುರ್ಚಿ ತಿರುಗಿಸಲು ಹೇಳಿ, ಹಲಗೆಗಳನ್ನು ಸರಿಯಾಗಿ ನೋಡಿದರು. ಒಂದು ಹಲಗೆಯ ತುದಿಯಲ್ಲಿ ಅಂಗೈಗಿಂತ ದೊಡ್ಡದಾದ ಚೌಕವೊಂದು ಹಚ್ಚ ಹಳದಿಯಾಗಿತ್ತು. ತುಳಸಿ ಕುಂಡದ ಪಾಠ ಅತ್ತೆ ಮರೆತಿರಲಿಲ್ಲ.

“ಇಲ್ಲಿ ಏನಿತ್ತಪ್ಪ ಪೈಯಸ್ಸು, ಇಷ್ಟು ವರ್ಷ?”

“ನನ್ನ ಬೆಂಚಿನ ವೈಸ್ ಅಮ್ಮ. ಕೆಲಸ ಮಾಡುವಾಗ ಮರ ಹಿಡಿಯುದು.”

“ಹಾಗಾದ್ರೆ ಇನ್ಮೇಲೆ ಎಲ್ಲಿ ಕೆಲಸ ಮಾಡ್ತೀಯ?”

ಪೈಯಸ್ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿಟ್ಟರು. ಗೇಟಿನ ಹತ್ತಿರ ನಿಂತಿದ್ದ ಸುಜಾನ್ ಕಡೆ ನೋಡಿ, ಆಮೇಲೆ ಅತ್ತೆಗೆ ಹೇಳಿದರು:

“ಇನ್ನು ಮಾಡುದಿಲ್ಲ ಅಮ್ಮ. ಇದೇ ಕಡೇದು.”

ಈ ಮಾತನ್ನು ಸುಜಾನ್ ಅವರ ಬಾಯಿಂದ ಮೊದಲ ಸಲ ಕೇಳಿದ್ದು ಆಗಲೇ. ಸುಜಾನ್ ನಮ್ಮ ಅಂಗಳದ ಗೋಡೆಯ ಮೇಲೆ ಕೂತು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಪೈಯಸ್ ಹೋಗಿ ಪಕ್ಕದಲ್ಲಿ ಕೂತರು. ಅವರ ಕಣ್ಣೂ ಒದ್ದೆಯಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಪೈಯಸ್ ಕಾರ್ಖಾನೆಯನ್ನೂ ಬಿಟ್ಟರು. ಅಕ್ಸ್‌ಬ್ರಿಡ್ಜ್‌ನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪೋರ್ಟರ್ ಕೆಲಸ ಸಿಕ್ಕಿತು. ಕೀಲಿಗೊಂಚಲು ಹಿಡಿದು ಇಡೀ ದಿನ ಬಾಗಿಲು ತೆಗೆದು ಹಾಕುವುದು. ಆ ಕೆಲಸ ಅವರಿಗೆ ಇಷ್ಟವೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಉಸಿರಿನ ಸಿಳ್ಳೆ ಕಡಿಮೆಯಾಗುತ್ತ ಬಂತು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಇಬ್ಬರೂ ನಮ್ಮ ಮನೆಗೆ ಬರುತ್ತಿದ್ದರು. ಅತ್ತೆ ಬಿಸಿಲಲ್ಲಿ ಕುರ್ಚಿಯಲ್ಲಿ, ಪೈಯಸ್ ಗೋಡೆಯ ಮೇಲೆ, ಮಾತು ಹೆಚ್ಚಿಲ್ಲ. ಹೊಸ್ತಿಲು ಬೇಕೆಂದು ಯಾರಾದರೂ ಫೋನ್ ಮಾಡಿದರೆ ಅತ್ತೆಯೇ ಇಸಿದುಕೊಂಡು, ಅವರೀಗ ಮಾಡೋದಿಲ್ಲ ಎಂದು ಇಟ್ಟುಬಿಡುತ್ತಿದ್ದರು.

ಹಲಗೆಯ ಮೇಲಿನ ಆ ಚೌಕ ಮೊದಲ ಕೆಲವು ವಾರ ದೂರಕ್ಕೂ ಎದ್ದು ಕಾಣುತ್ತಿತ್ತು. ಪೈಯಸ್ ಬಂದಾಗಲೆಲ್ಲ ಅದನ್ನು ತುಳಿಯದೆ ದಾಟಿ ಬರುತ್ತಿದ್ದರು. ಆ ವರ್ಷ ಬಿಸಿಲು ಚೆನ್ನಾಗಿತ್ತು. ದಸರೆಯ ಹೊತ್ತಿಗೆ ಹಳದಿ ಪೂರ್ತಿ ಕಂದಾಯಿತು. ಅದಾದ ಮುಂದಿನ ಭಾನುವಾರ ಅವರು ಚೌಕವಿದ್ದ ಜಾಗದ ಮೇಲೇ ಕಾಲಿಟ್ಟು ಒಳಗೆ ಬಂದರು, ಹೊಸ್ತಿಲನ್ನು ದಾಟಿದರು.